ಬೇಸಿಗೆಯ ಹೊಳೆಮೀನು

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ನಮ್ಮ ಮನೆ ಮುಂದಿನ ಅಂಗಡಿಯಲ್ಲಿ ಒಂದು ಮೀನೂಟಕ್ಕೆ ಇಪ್ಪತ್ತೈದು ರೂಪಾಯಿ. ಮಾರ್ಕೆಟ್ಟಿನಲ್ಲಿ ಆಂಧ್ರದ ಕೊಳದ ರೋಹು ಕೆಜಿಗೆ ನಲವತ್ತೈದು. ಅದೇ ಗಾತ್ರದ ಹೊಳೆಮೀನನ್ನು ಆಲಮಟ್ಟಿ ಕಡೆಯಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿಸಿ, ಬಸ್ಸಿನ ಡ್ರೈವರಿಗೆ ಕೈ ಬೆಚ್ಚಗೆ ಮಾಡಿ ತರಿಸಿದರೆ ಎಂಬತ್ತು ಬೀಳುತ್ತಿತ್ತು. ಎಣ್ಣೆ, ಹುಣಸೆಹಣ್ಣು, ಸೀಮೆಎಣ್ಣೆ ಎಲ್ಲಾ ಏರಿದ್ದವು. ಅಗ್ಗಕ್ಕೆ ಸಿಗುತ್ತಿದ್ದದ್ದು ಒಂದೇ, ಪೇಪರು. ಎರಡೂವರೆ ರೂಪಾಯಿ ಕೊಟ್ಟರೆ ಯಾವ ಜಲಾಶಯದಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಅಂತ ಒಂದು ಮೂಲೆಯಲ್ಲಿ ಹಾಕಿರುತ್ತಿದ್ದರು. ನಮ್ಮ ಗಂಡಸರಿಗೆ ಮೀನಿಗಿಂತ ಅದೇ ರುಚಿ.

ನಮ್ಮದು ತಾವರೆಕೆರೆ ಹಳ್ಳಿ. ಈಗ ಎಲ್ಲರೂ ಬಿ.ಟಿ.ಎಂ. ಲೇಔಟು ಅನ್ನುತ್ತಾರೆ. ಹೊಲ ಲೇಔಟಿಗೆ ಹೋದಮೇಲೆ ನನ್ನ ಗಂಡ ಮುನಿಯಣ್ಣನಿಗೆ ಉಳಿದ ಕೆಲಸ ಅಂದರೆ ಬೆಳಗ್ಗೆ ಅಂಗಡಿ ಬೆಂಚಿನ ಮೇಲೆ ಕೂತು ಪೇಪರು ಓದುವುದು, ಮಧ್ಯಾಹ್ನ ಅದನ್ನೇ ಇನ್ನೊಬ್ಬರಿಗೆ ಓದಿ ಹೇಳುವುದು. ಮನೆ ಮತ್ತು ಮುಂದಿನ ಅಂಗಡಿ ನನ್ನ ಅಪ್ಪ ನನಗೆ ಕೊಟ್ಟ ಜಾಗದಲ್ಲಿವೆ. ಪತ್ರದಲ್ಲಿ ಸಪ್ಪಲಮ್ಮ ಅಂತ ನನ್ನ ಹೆಸರೇ ಇದೆ. ಆ ಮಾತನ್ನು ನಾನು ದಿನಾ ಎತ್ತುವುದಿಲ್ಲ. ಬೇಕಾದಾಗ ಎತ್ತುತ್ತೇನೆ.

ಅಂಗಡಿಯಲ್ಲಿ ಬಾಡಿಗೆಗಿದ್ದವರು ಬಾಗಲಕೋಟೆ ಕಡೆಯ ದುಂಡಪ್ಪ ಮತ್ತು ಅವನ ಹೆಂಡತಿ ರೇಣುಕವ್ವ. ಅಡುಗೆ, ಪಾತ್ರೆ, ಬಡಿಸುವುದು ರೇಣುಕವ್ವನ ಕೆಲಸ. ಮಾತು ದುಂಡಪ್ಪನ ಕೆಲಸ. ಬಾಗಿಲ ಮೇಲೆ ‘ಕೃಷ್ಣಾ ಹೊಳಿ ಮೀನಿನ ಖಾನಾವಳಿ’ ಅಂತ ನೀಲಿ ಬೋರ್ಡು ಬರೆಸಿದ್ದ. ಬೋರ್ಡಿನಲ್ಲಿ ಒಂದು ಮೀನು ನೀರಿನಿಂದ ಎಗರಿ ಗಿರಾಕಿಯ ಬಾಯಿಗೇ ಬೀಳುವ ಹಾಗೆ ಚಿತ್ರ. ಬೇಸಿಗೆಯಲ್ಲಿ ನೀರು ಇಳಿದಾಗ ಮೀನೆಲ್ಲಾ ಒಂದು ಕಡೆ ಸೇರುವುದರಿಂದ ಒಳ್ಳೆ ಮೀನು ಸಿಗುತ್ತದೆ ಅನ್ನುವುದು ನಿಜ. ಹಿಂದಿನ ಎರಡು ಬೇಸಿಗೆ ಡಬ್ಬಿ ಡಬ್ಬಿ ಬಂದಿತ್ತು. ಆದರೆ ದುಂಡಪ್ಪ ಊರು ಬಿಟ್ಟು ಏಳೆಂಟು ವರ್ಷವಾಗಿತ್ತು. ಹೊಳೆಗೆ ಕಾಲಿಟ್ಟಿರಲಿಲ್ಲ. ಆದರೂ ಪೇಪರಿನಲ್ಲಿ ನೀರಿನ ಮಟ್ಟ ನೋಡಿ, ಇಲ್ಲೇ ಬೆಂಚಿನ ಮೇಲೆ ಕೂತು, ಯಾವ ಮಡುವಿನಲ್ಲಿ ಯಾವ ಮೀನು ಯಾವ ಕಡೆ ತಲೆ ಹಾಕಿ ಮಲಗಿದೆ ಅಂತ ಹೇಳುತ್ತಿದ್ದ.

"ಇವತ್ತ ಅರ್ಧ ಅಡಿ ಇಳದೈತಿ ನೋಡ್ರಿ. ನಾಳಿ ಕಾಟ್ಲಾ ಮ್ಯಾಲ ಬರ್ತಾವ," ಅನ್ನುವನು.

ಎದುರು ಬೆಂಚಿನಿಂದ ಪಾಪಯ್ಯ ಕೆಮ್ಮುವನು. ಪಾಪಯ್ಯ ಟಿ. ನರಸೀಪುರದ ಕಡೆಯವನು. ಬೀದಿ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಸಂಜೆ ಹೊತ್ತು ಮೀನು ಕರಿದು ಮಾರುತ್ತಿದ್ದ. "ಅಯ್ಯೋ ಬುಡಣ್ಣ, ನಿಮ್ ಹೊಳೆ ಮೀನು ಬರೀ ಮುಳ್ಳು. ನಮ್ ಕನ್ನಂಬಾಡಿ ಮೀನ್ ತಿಂದ್ಮೇಲೆ ಬಾಯ್ ತೊಳೆಯಕ್ಕೂ ಮನಸ್ ಬರಕಿಲ್ಲ."

"ಕನ್ನಂಬಾಡ್ಯಾಗ ಈಗ ನೀರರ ಎಲ್ಲೈತೋ ತಮ್ಮಾ? ಪೇಪರ ನೋಡು."

"ನಿಮ್ ಆಲಮಟ್ಟೀಲಿ ಎಷ್ಟದೆ, ಅದನ್ನೂ ಓದು ಮತ್ತೆ."

ಹೀಗೆ ಇಬ್ಬರೂ ಖಾಲಿ ಅಣೆಕಟ್ಟುಗಳನ್ನು ಎತ್ತಿ ಎತ್ತಿ ಒಬ್ಬರ ಮೇಲೊಬ್ಬರು ಹಾಕುವರು. ಊಟಕ್ಕೆ ಬಂದ ಆಟೋದವರು, ಆಫೀಸಿನವರು ಎರಡು ಪಕ್ಷವಾಗುವರು. ನನ್ನ ಗಂಡ ಕಾವೇರಿ ಕಡೆ. "ಹುಟ್ಟಿದಾಗಿಂದ ಕುಡಿದಿರೋ ನೀರು ಕಣಯ್ಯ," ಅನ್ನುವನು. ಹುಟ್ಟಿದಾಗಿನಿಂದ ಅವನು ಕುಡಿದದ್ದು ಬಾವಿ ನೀರು. ಕಾವೇರಿ ನಮ್ಮ ನಲ್ಲಿಗೆ ಬಂದದ್ದು ಅವನಿಗೆ ಹೊಟ್ಟೆ ಬಂದಮೇಲೆ. ಅದೂ ದಿನ ಬಿಟ್ಟು ದಿನ ಬರುತ್ತದೆ, ಎಲ್ಲರೂ ಮಲಗಿರುವಾಗ. ಎದ್ದು ಬಿಂದಿಗೆ ಇಟ್ಟು ಹಿಡಿಯುವವಳು ನಾನು. ನಮ್ಮ ಮನೆಯಲ್ಲಿ ಕಾವೇರಿಯ ಮುಖ ನೋಡಿದವಳು ನಾನೊಬ್ಬಳೇ. ನಾನು ಯಾವ ಪಕ್ಷಕ್ಕೂ ಸೇರಲಿಲ್ಲ.

ಏಪ್ರಿಲ್ ಬಂತು. ದುಂಡಪ್ಪನ ಕರಾರು ಮುಗಿಯಿತು. ಪಾಪಯ್ಯ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಅಂಗಡಿ ನನಗೆ ಕೊಡಿ, ಬಾಡಿಗೆ ಐನೂರು ಹೆಚ್ಚಿಗೆ ಕೊಡುತ್ತೇನೆ ಅಂದ. ಬಿಸಿಲು ಮಳೆಯಲ್ಲಿ ಗಾಡಿ ತಳ್ಳುವವನಿಗೆ ಸೂರಿನ ಆಸೆ ತಪ್ಪಲ್ಲ. ನನ್ನ ಗಂಡ ಅದನ್ನು ನನಗೆ ಹೇಳಿ ನೆಟ್ಟಗೆ ತೀರ್ಮಾನ ಮಾಡಬಹುದಿತ್ತು. ಅವನು ಬೆಂಚಿನ ಮೇಲೆ ನಿಂತು ಪಂದ್ಯ ಕಟ್ಟಿದ.

"ಭಾನುವಾರ ಇಬ್ರೂ ಅವರವರ ಹೊಳೆ ಮೀನು ತರ್ಲಿ. ನಮ್ಮ ಮನೇಲಿ ಅಡುಗೆ. ಯಾವ ಮೀನು ಗೆಲ್ತದೋ ಅವನಿಗೆ ಅಂಗಡಿ. ಏನಂತೀರಾ?"

ಎಲ್ಲರೂ ಹೋ ಅಂದರು. ಪುಕ್ಕಟೆ ಊಟಕ್ಕೆ ಇಲ್ಲ ಅನ್ನುವವರು ಯಾರು?

ಅವತ್ತು ಮಧ್ಯಾಹ್ನ ರೇಣುಕವ್ವ ನನ್ನ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಬಂದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, ಬಿಡಿಸುತ್ತಾ ಇದ್ದಳು.

"ಅಕ್ಕಾರ, ಅಂಗಡಿ ಹೋದ್ರ ನಾವ್ ಎಲ್ಲಿಗಿ ಹೋಗೂದ್ರಿ? ನಮ್ಮ ಮಗಳು ಶೈಲಶ್ರೀ ಏಳನೇತ್ತೆ ಇಲ್ಲೇ ಮುಗಸ್ಯಾಳ. ಊರಿಗಿ ಹೋಗೂಣಂದ್ರ ಹೊಳೀನ ಇಲ್ಲ ಈಗ."

"ನಿನ್ನ ಗಂಡ ಡಬ್ಬಿ ಡಬ್ಬಿ ಮೀನು ತರಿಸ್ತೀನಿ ಅಂತಾನಲ್ಲ?"

ಅವಳು ಆಕಡೆ ಈಕಡೆ ನೋಡಿ ದನಿ ತಗ್ಗಿಸಿದಳು. "ಒಂದ್ ತಿಂಗಳಾತ್ರಿ ಡಬ್ಬಿ ನಿಂತು. ನೀರು ತೆಗ್ಗಿಗಿ ಇಳದೈತಿ. ದೊಡ್ಡ ಮೀನ ಎಲ್ಲಾ ಗುತ್ತಿಗಿಯವ್ರು ಬಳಕೊಂಡ ಹೋದ್ರು. ಇವರು ಫೋನ್ ಹಚ್ಚಿ ನಮ್ಮಣ್ಣಗ ಬೈತಾರ, ಅಲ್ಲಿ ಬಲಿ ಹಾಕು, ಇಲ್ಲಿ ಬಲಿ ಹಾಕು ಅಂತ. ಅಣ್ಣ ಅಂತಾನ, ನೀವ್ ಪೇಪರನ್ಯಾಗ ಬಲಿ ಹಾಕ್ರಿ, ಇಲ್ಲಿ ಕೆಸರೈತಿ."

ಅವಳಣ್ಣ ಕರೆಪ್ಪ ಅಲ್ಲೇ ಹಿನ್ನೀರಿನ ದಂಡೆಯಲ್ಲಿ ಇರುವವನು. ತಿಂಗಳಿಂದ ಆ ಬೋರ್ಡಿನ ಕೆಳಗೆ ಏನು ಮಾರುತ್ತಿದ್ದರು ಅಂತ ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಗಿರಾಕಿಗಳು ಮಾತ್ರ ಬೆರಳು ನೆಕ್ಕುತ್ತಾ, "ಆಹಾ, ಹೊಳೆಮೀನು ಅಂದ್ರೆ ಹೊಳೆಮೀನೇ," ಅಂದುಕೊಂಡೇ ಹೋಗುತ್ತಿದ್ದರು.

ಭಾನುವಾರ ಬೆಳಗ್ಗೆ ದುಂಡಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಊರಿನ ಬಸ್ಸಿನಲ್ಲಿ ಪಾರ್ಸಲ್ ಬರುತ್ತದೆ, ಮೆಜೆಸ್ಟಿಕ್ಕಿಗೆ ಹೋಗಿ ತರುತ್ತೇನೆ ಅಂತ ಬೀದಿಗೆಲ್ಲಾ ಕೇಳುವ ಹಾಗೆ ಹೇಳಿ ಹೋದ. ಪಾಪಯ್ಯನ ಮಾವನೂ ನರಸೀಪುರದ ಬಸ್ಸಿಗೆ ಮೀನು ಹಾಕಿದ್ದನಂತೆ. ಪಾಪಯ್ಯನೂ ಮೆಜೆಸ್ಟಿಕ್ಕಿಗೇ ಹೋದ.

ನಾನು ಕರಿಬೇವು, ಕೊತ್ತಂಬರಿ ತರಲು ಹೋಗಿ ಬಸ್ ಸ್ಟಾಪಿನ ಹತ್ತಿರ ಸೊಪ್ಪಿನವಳೊಂದಿಗೆ ಚೌಕಾಸಿ ಮಾಡುತ್ತಿದ್ದೆ. ಒಂದು ಬಸ್ಸು ಬಂದು ನಿಂತಿತು. ಒಳಗಿನಿಂದ ಕಂಡಕ್ಟರ್ ಕೂಗುತ್ತಿದ್ದ. "ಯಾರ್ರೀ ಅದು, ಬಸ್ಸೆಲ್ಲಾ ಮೀನ್ ನೀರು ಮಾಡಿರೋರು? ಮುಂದೆ ಒಬ್ಬ ಸುರಿಸ್ತಾನೆ, ಹಿಂದೆ ಒಬ್ಬ ಸುರಿಸ್ತಾನೆ. ಇಳೀರಿ ಮೊದ್ಲು!"

ಮುಂದಿನ ಬಾಗಿಲಿನಿಂದ ದುಂಡಪ್ಪ ಇಳಿದ. ಹಿಂದಿನ ಬಾಗಿಲಿನಿಂದ ಪಾಪಯ್ಯ ಇಳಿದ. ಇಬ್ಬರ ಕೈಯಲ್ಲೂ ಒಂದೇ ನಮೂನೆಯ ಹಸಿರು ಪ್ಲಾಸ್ಟಿಕ್ ಚೀಲ, ಎರಡರಿಂದಲೂ ಐಸ್ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸಿನ ಹಣೆಯ ಮೇಲೆ ‘ಶಿವಾಜಿನಗರ - ಬಿ.ಟಿ.ಎಂ. ಲೇಔಟು’ ಅಂತ ಬೋರ್ಡಿತ್ತು. ಆಂಧ್ರದ ಲಾರಿಗಳು ಮೀನು ಇಳಿಸುವುದು ಶಿವಾಜಿನಗರದ ಮಾರ್ಕೆಟ್ಟಿನಲ್ಲಿ. ಹತ್ತಿರದ ಮಡಿವಾಳದಲ್ಲಿ ಕೊಂಡರೆ ಯಾರಾದರೂ ನೋಡಿಬಿಟ್ಟಾರು ಅಂತ ಇಬ್ಬರೂ ಅಷ್ಟು ದೂರ ಹೋಗಿದ್ದರು. ಬುದ್ಧಿ ಇಬ್ಬರದೂ ಒಂದೇ ಅಳತೆಯದು.

ಫುಟ್‌ಪಾತಿನ ಮೇಲೆ ಎದುರಾಬದುರು ನಿಂತರು. ನಾನು ಸೊಪ್ಪಿನ ಗಾಡಿಯ ಹಿಂದೆ ಬಗ್ಗಿದೆ.

"ಏನಪಾ ಪಾಪಯ್ಯ, ಮೆಜೆಸ್ಟಿಕ್ಕಿಂದ ಬಂದ್ಯಾ?"

"ಊಂ ಕಣಣ್ಣ, ಮೆಜೆಸ್ಟಿಕ್ಕಿಂದ್ಲೇ. ನೀವು?"

"ನಾನೂ ಮೆಜೆಸ್ಟಿಕ್ಕಿಂದನ."

"ಬಿಸ್ಲು ಜಾಸ್ತಿ."

"ಭಾಳ ಬಿಸಲ."

ವರ್ಷವಿಡೀ ಒಬ್ಬರ ಹೊಳೆಯನ್ನು ಒಬ್ಬರು ಉಗಿದವರು, ಆ ಒಂದು ನಿಮಿಷದಲ್ಲಿ ಅಣ್ಣತಮ್ಮಂದಿರ ಹಾಗೆ ಒಬ್ಬರ ಸುಳ್ಳನ್ನು ಒಬ್ಬರು ಕಾಪಾಡಿಕೊಂಡರು. ಬೀದಿ ತಿರುವಿನವರೆಗೆ ಒಟ್ಟಿಗೆ ನಡೆದು, ಅಲ್ಲಿ ಬೇರೆಯಾಗಿ, ಬೇರೆ ಬೇರೆ ಕಡೆಯಿಂದ ಮನೆಗೆ ಬಂದರು.

ಚೀಲ ನನ್ನ ಕೈಗೆ ಕೊಡುವಾಗ ದುಂಡಪ್ಪ ಅಂದ, "ಸಾವಕಾಶ ಅಕ್ಕಾರ, ಹೊಳಿ ಮೀನ. ಚರ್ಮ ನಾಜೂಕ ಇರ್ತೈತಿ." ಪಾಪಯ್ಯ ಅಂದ, "ಹುಳಿ ಕಮ್ಮಿ ಹಾಕಕ್ಕಾ. ಕಾವೇರಿ ಮೀನಿಗೆ ಹುಳಿ ಜಾಸ್ತಿ ಬೇಕಾಗಕಿಲ್ಲ."

"ಆಯ್ತಪ್ಪ, ಆಯ್ತು," ಅಂದೆ.

ಹಿತ್ತಲಿನಲ್ಲಿ ನಾನೂ ರೇಣುಕವ್ವನೂ ಮೀನು ಉಜ್ಜಲು ಕೂತೆವು. ಎರಡು ಚೀಲದಲ್ಲೂ ರೋಹು, ಎಲ್ಲಾ ಒಂದೇ ಉದ್ದ, ಒಂದೇ ದಪ್ಪ, ಒಂದೇ ತಾಯಿ ಸಾಕಿದ ಹಾಗೆ. ರೇಣುಕವ್ವ ಒಂದನ್ನು ಕೈಗೆತ್ತಿಕೊಂಡು ನೋಡಿ ಕೆಳಗಿಟ್ಟಳು. ನಾನು ಬಸ್ ಸ್ಟಾಪಿನಲ್ಲಿ ಕಂಡದ್ದನ್ನು ಹೇಳಿದೆ. ಅವಳು ತಲೆ ತಗ್ಗಿಸಿ ಹುರುಪೆ ತೆಗೆಯುತ್ತಲೇ ಇದ್ದಳು.

"ನಿಮ್ಮ ಹೊಳೇಲಿ ಈಗ ಏನೂ ಇಲ್ವೇನೇ ಹಂಗಾದ್ರೆ?" ಅಂದೆ.

"ಐತ್ರಿ. ಬ್ಯಾಸಗಿ ಮೀನ ಬ್ಯಾರೆ ಇರ್ತೈತಿ." ಕೈ ತೊಳೆದು ಅಂಗಡಿಗೆ ಹೋದಳು. ಅಟ್ಟದ ಮೇಲಿಂದ ಬೊಗಸೆಯಷ್ಟು ತಂದು ನನ್ನ ಮುಂದೆ ಇಟ್ಟಳು. ಕಿರುಬೆರಳಿನಷ್ಟು ಉದ್ದದ ಒಣಮೀನು, ಬೆಳ್ಳಿಯ ಬಣ್ಣ ಇನ್ನೂ ಹೋಗಿರಲಿಲ್ಲ. ನೀರು ಹಿಂದೆ ಸರಿದಾಗ ತಗ್ಗುಗಳಲ್ಲಿ ಉಳಿಯುವುದು ಈ ಸಣ್ಣವೇ ಅಂತೆ. ಅಷ್ಟು ದೂರ ಐಸಿನಲ್ಲಿ ಕಳಿಸಿದರೆ ಕೊಳೆಯುತ್ತವೆ. ಅದಕ್ಕೆ ಅವಳ ತವರಿನವರು ಅವನ್ನು ಬಿಸಿ ಬಂಡೆಯ ಮೇಲೆ ಹರವಿಬಿಡುತ್ತಾರೆ. ಎರಡು ಬಿಸಿಲಿಗೆ ಗರಿಗರಿ ಆಗುತ್ತವೆ. ಮಳೆಗಾಲ ಪೂರ್ತಿ ಅದೇ ಅವರ ಮೀನು. ಕರೆಪ್ಪ ಒಂದು ಮೂಟೆ ಕಳಿಸಿದ್ದ.

"ಮತ್ತೆ ಯಾಕೆ ಮಾರ್ತಿಲ್ಲ?"

"ಇವರು ಬ್ಯಾಡಂತಾರ್ರಿ. ಬಡವರ ತಿನ್ನೂದು, ವಾಸನಿ ಬರ್ತೈತಿ, ಬೋರ್ಡಿನ ಮಾನ ಹೋಗ್ತೈತಿ ಅಂದು ಅಟ್ಟದ ಮ್ಯಾಲ ಒಗದಾರ."

ಹಂಚಿನ ಮೇಲೆ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿ ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿದಳು. ನಾನು ತಂಗಳು ಮುದ್ದೆ ಇದ್ದದ್ದು ತಂದುಕೊಂಡು ಅದರ ಜೊತೆ ತಿಂದೆ. ಆಮೇಲೆ ಇನ್ನೊಂದು ಚಿಟಿಕೆ ಕೇಳಿದೆ. ನಾನು ಕೇಳಿ ಹಾಕಿಸಿಕೊಳ್ಳುವುದು ಅಪರೂಪ.

ಎದ್ದು ಹೋಗಿ ದೊಡ್ಡ ಪಾತ್ರೆ ಒಲೆಯ ಮೇಲಿಟ್ಟು, ಎರಡು ಚೀಲದ ಮೀನನ್ನೂ ಒಂದೇ ಸಾರಿಗೆ ಹಾಕಿದೆ.

ರೇಣುಕವ್ವ ಬೆಚ್ಚಿದಳು. "ಅಯ್ಯ, ಏನ್ ಮಾಡಿದ್ರಿ ಅಕ್ಕಾರ! ಕಲತ ಹೋತಲ್ರಿ!"

"ಬೇರೆ ಬೇರೆ ಇದ್ರೆ ತಾನೇ ಕಲೆಯೋದು?"

"ಗೊತ್ತಾತಂದ್ರ ಇವರ ಮಾನ ಹೋಗ್ತೈತ್ರಿ. ಅಂಗಡೀನೂ ಹೋಗ್ತೈತಿ."

"ಅವನ ಮಾನಾನ ಅವನು ನೋಡ್ಕೊಳ್ಲಿ. ಅಂಗಡಿ ಬೇಕು ಅಂದ್ರೆ ನೀನು ಬಾಯಿ ಬಿಟ್ಟು ಕೇಳ್ಬೇಕು. ಹಿತ್ತಲಲ್ಲಿ ನನ್ನ ಹತ್ರ ಅಲ್ಲ, ಎಲ್ಲರ ಮುಂದೆ," ಅಂದೆ.

ಬಡಿಸುವ ಹೊತ್ತಿಗೆ ಆ ಸಾರನ್ನೇ ಎರಡು ಡಬರಿಗೆ ತೋಡಿಕೊಂಡೆ. ಸ್ಟೀಲಿನದು ಕಾವೇರಿ, ಅಲ್ಯೂಮಿನಿಯಂದು ಕೃಷ್ಣೆ ಅಂತ ಹೇಳಿದೆ. ಅಂಗಳದಲ್ಲಿ ಎಲೆ ಹಾಕಿ ಕೂತಿದ್ದವರು ಒಂದು ತುತ್ತು ಬಾಯಿಗಿಟ್ಟರೋ ಇಲ್ಲವೋ, ಪಂಡಿತರಾದರು.

ಆಟೋ ಓಡಿಸುವ ಯುವರಾಜ್ ಕಣ್ಣು ಮುಚ್ಚಿಕೊಂಡ. "ಕಾವೇರಿ ಸಖತ್ ಗುರು! ಇದ್ರಲ್ಲಿ ಒಂಥರಾ ಸಿಹಿ ಇದೆ. ಕೃಷ್ಣೇದು ಸ್ವಲ್ಪ ಸಪ್ಪೆ."

"ಸಪ್ಪಿ?" ದುಂಡಪ್ಪ ಎದ್ದು ನಿಂತ. "ತಮ್ಮಾ, ಅದಕ್ಕ ಗಟ್ಟಿತನ ಅಂತಾರ. ನಮ್ಮ ಹೊಳಿ ಕಲ್ಲಿನ್ಯಾಗ ಹರೀತೈತಿ. ಮೀನ ಕಸರತ್ತ ಮಾಡಿರ್ತೈತಿ!"

"ಕಸರತ್ ಮಾಡ್ದ ಮೀನು ಯಾವನಿಗ್ ಬೇಕಣ್ಣ, ಕುಸ್ತಿ ಆಡ್ಬೇಕಾ ಅದ್ರ ಜೊತೆ?" ಪಾಪಯ್ಯ ಅಂದ. ಎಲ್ಲರೂ ನಕ್ಕರು.

ನನ್ನ ಗಂಡ ಎರಡು ಡಬರಿಯಿಂದಲೂ ಎರಡೆರಡು ಸಲ ಹಾಕಿಸಿಕೊಂಡು ತಿಂದು, ಮೀಸೆ ಒರೆಸಿ, ತೀರ್ಪು ಕೊಟ್ಟ. "ಕೃಷ್ಣೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಕಾವೇರಿ ಕಾವೇರೀನೇ. ನಾಲಿಗೆಗೆ ಗೊತ್ತಾಗ್ತದೆ. ಪಾಪಯ್ಯನಿಗೆ ಅಂಗಡಿ."

"ಎರಡೂ ಒಂದೇ ಪಾತ್ರೇಲಿ ಬೆಂದಿರೋದು," ಅಂದೆ.

ನನ್ನ ಗಂಡ ಸುಲಭಕ್ಕೆ ಮುಳುಗುವವನಲ್ಲ. "ಪಾತ್ರೆ ಒಂದೇ ಆದ್ರೇನೇ? ಮೀನು ಬೇರೆ ಅಲ್ವಾ? ಮೀನಿನ ಗುಣ ಮೀನಿಗೆ ಇದ್ದೇ ಇರ್ತದೆ."

"ಮೀನೂ ಬೇರೆ ಅಲ್ಲ. ಎರಡೂ ಶಿವಾಜಿನಗರದ ಬಸ್ಸಲ್ಲಿ ಜೊತೇಲಿ ಬಂದವು. ಒಂದು ಮುಂದಿನ ಬಾಗಿಲಲ್ಲಿ ಇಳೀತು, ಒಂದು ಹಿಂದಿನ ಬಾಗಿಲಲ್ಲಿ ಇಳೀತು. ಅಷ್ಟೇ ವ್ಯತ್ಯಾಸ."

ಯುವರಾಜ್ ಮೊದಲು ನಕ್ಕ. ಆಮೇಲೆ ಅವನಿಗೆ ಸಿಹಿ ಅಂದದ್ದು ತಾನೇ ಅಂತ ನೆನಪಾಗಿ ನಿಲ್ಲಿಸಿದ. ದುಂಡಪ್ಪ ಪಾಪಯ್ಯನ ಕಡೆ ತಿರುಗಿ, "ನೀ ಹೇಳಿದಿ ಹೌದಿಲ್ಲೋ?" ಅಂದ. ಪಾಪಯ್ಯ, "ನಾನ್ ಯಾಕಣ್ಣ ಏಳ್ಲಿ? ನೀವೇ ಎಲ್ಲೋ ಬಾಯ್ ಬುಟ್ಟಿರ್ಬೇಕು," ಅಂದ. ಅಲ್ಲಿಗೆ ಇಬ್ಬರೂ ಒಪ್ಪಿಕೊಂಡ ಹಾಗಾಯಿತು. ತಿಂದವರು ಮಾತ್ರ ಒಪ್ಪಲು ತಯಾರಿರಲಿಲ್ಲ. ಇಬ್ಬರೂ ಮೋಸಗಾರರು, ಇವರಿಬ್ಬರಿಗೂ ಅಂಗಡಿ ಕೊಡಬಾರದು ಅಂತ ಗಲಾಟೆ ಎಬ್ಬಿಸಿದರು. ಮೋಸಹೋದ ನಾಲಿಗೆಯ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಆ ಗಲಾಟೆಯ ಮಧ್ಯದಲ್ಲಿ ರೇಣುಕವ್ವ ಅಂಗಡಿಯೊಳಗಿಂದ ಮೂಟೆ ಎಳೆದುಕೊಂಡು ಬಂದಳು. ಎಲೆಗಳ ಸಾಲಿನ ನಡುವೆ ತಂದು ನಿಲ್ಲಿಸಿ ಬಾಯಿ ಬಿಚ್ಚಿದಳು. ವಾಸನೆ ಗಪ್ಪಂತ ಹೊಡೆಯಿತು. ಒಬ್ಬಿಬ್ಬರು ಮೂಗು ಮುಚ್ಚಿಕೊಂಡರು.

"ಏ, ಒಳಗ ಒಯ್ಯದನ್ನ!" ಅಂತ ದುಂಡಪ್ಪ ಗದರಿದ.

ಅವಳು ಗಂಡನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಅಕ್ಕಾರ, ಇದು ನಮ್ಮ ಹೊಳಿ ಮೀನ. ಈ ಬ್ಯಾಸಗ್ಯಾಗ ಹೊಳ್ಯಾಗ ಇರೂದು ಇಷ್ಟ. ಅಂಗಡಿ ನನಗ ಕೊಡ್ರಿ. ನಾ ಇದನ್ನ ಮಾರ್ತೀನಿ. ಹೊಳಿ ತುಂಬಿದಾಗ ದೊಡ್ಡ ಮೀನ ಮಾರ್ತೀನಿ. ಇಲ್ಲದ್ದನ್ನ ಐತಿ ಅಂತ ಮಾರೂದಿಲ್ಲ. ಬಾಡಿಗಿ ಮೊದಲಿನಷ್ಟ ಕೊಡ್ತೀನ್ರಿ, ಹೆಚ್ಚಿಗಿ ಆಗೂದಿಲ್ಲ."

ನನ್ನ ಗಂಡ ಗಂಟಲು ಸರಿಮಾಡಿಕೊಂಡ. "ಹೆಂಗಸಿನ ಹೆಸರಲ್ಲಿ ಕರಾರು ಎಲ್ಲಾದ್ರೂ..."

"ಮನೆ ಯಾರ ಹೆಸರಲ್ಲಿದೆ?" ಅಂದೆ.

ಅವನು ಎಲೆ ಮಡಿಚಿ ಎದ್ದ. ಕೈ ತೊಳೆಯಲು ಹೋದವನು ತುಂಬಾ ಹೊತ್ತು ಬರಲಿಲ್ಲ.

ಪಾಪಯ್ಯನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಸುಳ್ಳು ಹೇಳಿದ, ನಿಜ. ಆದರೆ ಆ ಬಿಸಿಲಲ್ಲಿ ಗಾಡಿ ತಳ್ಳುವುದಂತೂ ಸುಳ್ಳಲ್ಲ. ಕುಮಾರಸ್ವಾಮಿ ಲೇಔಟಿನಲ್ಲಿ ನನ್ನ ತಂಗಿ ಗಂಡನದೊಂದು ಸಣ್ಣ ಅಂಗಡಿ ಖಾಲಿ ಇತ್ತು. ಹೇಳಿ ಕೊಡಿಸಿದೆ. ಅಲ್ಲಿ ಕೋಳಿ ಮಾರುತ್ತಾನೆ. ಕೋಳಿಗೆ ಹೊಳೆ ಇಲ್ಲದ್ದರಿಂದ ಈಗ ಮಾತು ಸ್ವಲ್ಪ ಕಡಿಮೆ ಅಂತ ಕೇಳಿದೆ.

ರೇಣುಕವ್ವನ ಒಣಮೀನು ಮೊದಲ ವಾರ ಹೋಗಲಿಲ್ಲ. ಹೊಳೆಮೀನು ಅಂತ ಪ್ರಾಣ ಬಿಡುತ್ತಿದ್ದ ಆಫೀಸಿನವರು ಮೂಗು ಮುಚ್ಚಿಕೊಂಡು ಎದುರು ಬದಿಯಲ್ಲಿ ನಡೆದರು. ಆಮೇಲೆ ಅಪಾರ್ಟ್‌ಮೆಂಟು ಕಟ್ಟುತ್ತಿದ್ದ ರಾಯಚೂರು, ಯಾದಗಿರಿ ಕಡೆಯ ಕೆಲಸದವರಿಗೆ ಗೊತ್ತಾಯಿತು. ಸಂಜೆ ಕೆಲಸ ಬಿಟ್ಟವರು ಪೊಟ್ಟಣ ಕಟ್ಟಿಸಿಕೊಂಡು ಹೋಗತೊಡಗಿದರು. ನಮ್ಮ ಹಳೇ ಹಳ್ಳಿಯ ಹೆಂಗಸರೂ ಬಂದರು. ಮೂಟೆ ಖಾಲಿಯಾಯಿತು, ಕರೆಪ್ಪ ಇನ್ನೊಂದು ಕಳಿಸಿದ. ದುಂಡಪ್ಪ ಕೆಲವು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ತಕ್ಕಡಿ ಹಿಡಿದ. ತೂಗುವಾಗ ಗಿರಾಕಿಗೆ, "ಹೊಳಿ ಮೀನ್ರಿ, ಬಂಡಿಗಲ್ಲಿನ ಮ್ಯಾಲ ಒಣಗಿಸಿದ್ದು," ಅನ್ನುವನು. ಅಷ್ಟು ವರ್ಷದಲ್ಲಿ ಆ ಬೆಂಚಿನಿಂದ ಬಂದ ಮೊದಲ ನಿಜ ಅದು. ಹೇಳುವಾಗ ಗತ್ತು ಮಾತ್ರ ಹಳೆಯದೇ.

ನನ್ನ ಗಂಡ ಈಗಲೂ ನೀರಿನ ಮಟ್ಟ ಓದುತ್ತಾನೆ. ಕೇಳುವವರು ಇಲ್ಲದಿದ್ದರೆ ನನಗೆ ಓದುತ್ತಾನೆ.

ಒಣಮೀನಿನ ವಾಸನೆ ತಡೆಯಲಾರದೆ ಮಹಡಿಯ ಮೇಲಿದ್ದ ಬಾಡಿಗೆಯವರು ಬಿಟ್ಟು ಹೋದರು. ಆ ಮನೆ ಮಳೆಗಾಲದವರೆಗೆ ಖಾಲಿ ಇತ್ತು. ಪಾಪಯ್ಯ ಕೊಡುತ್ತೇನೆ ಅಂದಿದ್ದ ಐನೂರು ಸಿಗಲಿಲ್ಲ. ನಾನು ಕಳೆದುಕೊಂಡದ್ದು ಇಷ್ಟು. ದುಂಡಪ್ಪನ ಬೋರ್ಡು ಮೂಟೆ ಇದ್ದ ಅಟ್ಟಕ್ಕೆ ಹೋಯಿತು. ರೇಣುಕವ್ವನಿಗೆ ಅಂಗಡಿ ಉಳಿಯಿತು, ಕರಾರಿನಲ್ಲಿ ಅವಳ ಹೆಸರು ಬಂತು. ಶೈಲಶ್ರೀ ಜೂನ್‌ನಲ್ಲಿ ಇಲ್ಲೇ ಎಂಟನೇ ಕ್ಲಾಸಿಗೆ ಹೋದಳು.